ನನ್ನ ಸ್ಕ್ರೀನಿನಲ್ಲಿ ಮಾತ್ರ ಬೆಳಗಿದ ಜರಿ

"ವೀಣಾ, ನೀ ಯಾರ ಸೀರೆ ಕಳ್ಸಿದ್ದು?"

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಫೋನು. ಸಂಭಾಜಿನಗರದಿಂದ ಜಯಾ ಅತ್ತಿಗೆ, ನನ್ನ ಗಂಡನ ಅಕ್ಕ. ಹಲೋ ಇಲ್ಲ, ತಿಂಡಿ ಆಯ್ತಾ ಇಲ್ಲ, ನೇರ ಸೀರೆ.

"ಯಾರ ಸೀರೆ ಅಂದ್ರೆ? ಶ್ರಾವಣಿದೇ ಅತ್ತಿಗೆ. ಮುಹೂರ್ತದ ಪೈಠಣಿ."

"ಇದು ತನ್ನ ಸೀರೆಯೇ ಅಲ್ಲ ಅಂತಾಳೆ ಅವ್ಳು. ಪೆಟ್ಟಿಗೆ ತೆಗ್ದು ನೋಡಿದ್ದೇ ರೂಮಿಗೆ ಹೋಗಿ ಬಾಗ್ಲು ಹಾಕ್ಕೊಂಡಳು. ಫೋಟೋದಲ್ಲಿ ಇದ್ದದ್ದೇ ಬೇರೆ, ಬಂದದ್ದೇ ಬೇರೆ ಅಂತೆ. ಮದುವೆಗೆ ಇನ್ನು ಒಂಬತ್ತು ದಿನ. ಎಂತ ಮಾಡುದು ಮಾರಾಯ್ತಿ?"

ಎಂತ ಹೇಳಲಿ? ಆ ಫೋಟೋ ತೆಗೆದವಳು ನಾನು. ಆ ನೇಕಾರ್ತಿಯನ್ನು ತೋರಿಸಿಕೊಟ್ಟವಳೂ ನಾನೇ.

ಹಳೆಯ ಓದುಗರಿಗೆ ನಮ್ಮ ಸಂಸಾರ ಗೊತ್ತು. ಹೊಸಬರಿಗೆ ಎರಡು ಸಾಲು: ನಾಶಿಕ್‌ನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಗಂಡ ಕೌಂಟರಿನಲ್ಲಿ, ನಾನು ಕ್ಯಾಮೆರಾ ಹಿಂದೆ. ಮೆನು ಕಾರ್ಡಿಗೆ ದೋಸೆಯ ಫೋಟೋ ತೆಗೆಯಲು ಶುರು ಮಾಡಿದವಳು ಈಗ ಸೀರೆ ಅಂಗಡಿಗಳಿಗೆ, ಲಾಡ್ಜುಗಳಿಗೆಲ್ಲ ತೆಗೆಯುತ್ತೇನೆ. (ತ್ರ್ಯಂಬಕೇಶ್ವರದ ಲಾಡ್ಜುಗಳ ಬಾತ್‌ರೂಮುಗಳನ್ನು ನನ್ನಷ್ಟು ಹತ್ತಿರದಿಂದ ಕಂಡ ಇನ್ನೊಬ್ಬ ಅಂಕಣಗಾರ್ತಿ ಇರಲಾರಳು.)

ಈ ಕೆಲಸದಲ್ಲಿ ಸುಸ್ತು ಮಾಡುವುದು ಕ್ಯಾಮೆರಾದ ಭಾರ ಅಲ್ಲ, ಕಲಿಕೆ. ಮೊದಲು ಮೆಗಾಪಿಕ್ಸೆಲ್ ಅಂದರು, ಕಲಿತೆ. ಆಮೇಲೆ ರಾ ಫೈಲ್ ಅಂದರು, ಅದನ್ನೂ ಕಲಿತೆ. ಈಗ ಎಚ್‌ಡಿಆರ್, ಫೋಟೋದ ಬೆಳಕನ್ನು ಇನ್ನಷ್ಟು ಬೆಳಗಿಸುವ ವಿದ್ಯೆ. ಐವತ್ಮೂರು ವರ್ಷಕ್ಕೆ ಒಂದು ವಿಷಯ ತಲೆಗೆ ಹೋಗುವಷ್ಟರಲ್ಲಿ ಅದು ಹಳತಾಗಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಆದರೂ ದೀಪಾವಳಿಗೆ ಹೊಸ ಲ್ಯಾಪ್‌ಟಾಪ್ ಬಂತು. ಎಚ್‌ಡಿಆರ್ ಸ್ಕ್ರೀನಿನದು. ಮೊದಲ ಸಲ ಅದರಲ್ಲಿ ಒಂದು ದೀಪದ ಫೋಟೋ ನೋಡಿದಾಗ ಕಣ್ಣು ಕಿರಿದಾಯಿತು ಕಣ್ರೀ! ಬಿಳಿ ಕಾಗದದ ಬಿಳಿಗಿಂತ ಹೆಚ್ಚಿನ ಬಿಳಿ. ಜ್ವಾಲೆ ನಿಜವಾಗಿ ಉರಿಯುತ್ತಿದೆಯೇನೋ ಅನ್ನುವ ಹಾಗೆ. ಅಂದಿನಿಂದ ನಾನು ತೆಗೆದದ್ದೆಲ್ಲ ಎಚ್‌ಡಿಆರ್.

ಗಂಡ ಒಂದು ದಿನ ಹಿಂದೆ ನಿಂತು ನೋಡಿ ಹೇಳಿದರು, "ವೀಣಾ, ಇಡ್ಲಿ ಟ್ಯೂಬ್‌ಲೈಟ್ ಕಂಡ ಹಾಗೆ ಕಾಣ್ತದೆ. ಜನ ತಿನ್ನುದಾ, ಸ್ವಿಚ್ ಹುಡುಕುದಾ?"

ಕಲೆ ಗೊತ್ತಿಲ್ಲದವರ ಜೊತೆ ಎಂಥ ವಾದ?

ಇನ್ನು ಸೀರೆಯ ಕಥೆ. ಶ್ರಾವಣಿ ಅತ್ತಿಗೆಯ ಒಬ್ಬಳೇ ಮಗಳು. ಅವರದೂ ಹೋಟೆಲೇ, ಮೇಲೆ ಮನೆ. ಮದುವೆ ನಿಶ್ಚಯವಾದಾಗ ಮುಹೂರ್ತಕ್ಕೆ ಮರಾಠಿ ಕಡೆಯ ರೇಷ್ಮೆ ಸೀರೆ ಪೈಠಣಿಯೇ ಬೇಕು ಅಂತಾಯಿತು. ಹುಟ್ಟಿ ಬೆಳೆದದ್ದು ಮಹಾರಾಷ್ಟ್ರದಲ್ಲಿ, ಮತ್ತೇನು ಕೇಳಿಯಾಳು? ಯೇವಲಾದಲ್ಲಿ ಸುನಂದಾ ತಾಈ ಇದ್ದಾರೆ, ಅವರಿಂದಲೇ ನೇಯಿಸೋಣ ಅಂದೆ ನಾನು. (ಮರಾಠಿಯ ತಾಈ ಅಂದರೆ ನಮ್ಮ ಅಕ್ಕ. ಅವರೂ ನನ್ನನ್ನು ತಾಈ ಅಂತಾರೆ. ಯಾರು ದೊಡ್ಡವರು ಅಂತ ಇಬ್ಬರೂ ಇನ್ನೂ ಲೆಕ್ಕ ಹಾಕಿಲ್ಲ.) ಅಂಗಡಿಗಳಿಗೆ ಸೀರೆ ಫೋಟೋ ತೆಗೆಯುತ್ತಾ ಪರಿಚಯವಾದವರು. ಮನೆಯ ಮುಂದಿನ ಕೋಣೆಯಲ್ಲಿ ಮಗ್ಗ, ಮಗ್ಗದ ಪಕ್ಕ ಕಿಟಕಿ. ಮಾತು ಕಡಿಮೆ.

ಹಾಸು, ಅಂದರೆ ಉದ್ದದ ಎಳೆ, ಹಸಿರು; ಹೊಕ್ಕು, ಅಂದರೆ ಅಡ್ಡ ಎಳೆ, ನೇರಳೆ. ಬಿಸಿಲಿಗೆ ಹಿಡಿದರೆ ಹಸಿರು, ಮಡಿಕೆಯಲ್ಲಿ ನೇರಳೆ. ಹಸಿರು ಎಂಥದ್ದಿರಬೇಕು ಅಂತ ಹೇಳಿದವರು ಶ್ರಾವಣಿಯ ಅಜ್ಜಿ, ಅತ್ತಿಗೆಯ ಅತ್ತೆ. "ಚಿಗುರೆಲೆ ಅಲ್ಲ, ಬಲಿತ ಮಾವಿನೆಲೆ." ಅಷ್ಟೇ.

ಸುನಂದಾ ತಾಈ ಸೆರಗಿನಿಂದ ನೇಯಲು ಶುರು ಮಾಡಿದರು. ಒಂದು ಮೊಳದಷ್ಟಾದಾಗ, ಜರಿಯಲ್ಲಿ ಮೊದಲ ನವಿಲು ಮೂಡಿದಾಗ, ನಾನು ಹೋಗಿ ಫೋಟೋ ತೆಗೆದೆ. ಮನೆಯವರು ನೋಡಿ ಓಕೆ ಅಂದರೆ ಮುಂದುವರಿಸುವುದು ಅಂತ ಮಾತಾಗಿತ್ತು. ಕಿಟಕಿಯಿಂದ ಬಿಸಿಲು ಓರೆಯಾಗಿ ಜರಿಯ ಮೇಲೆ ಬಿದ್ದಿತ್ತು. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ತೆರೆದೆ. ನವಿಲು ಉರಿಯುತ್ತಿತ್ತು! ಎಚ್‌ಡಿಆರ್ ಅಂತ ಟಿಕ್ ಹಾಕಿ ಎಕ್ಸ್‌ಪೋರ್ಟ್ ಮಾಡಿದೆ. ಶ್ರಾವಣಿಗೆ ಮೇಲ್‌ನಲ್ಲಿ ಕಳಿಸಿದೆ. ಅತ್ತಿಗೆಗೆ ಮತ್ತು ಸುನಂದಾ ತಾಈಗೆ ದಿನಾ ಗುಡ್ ಮಾರ್ನಿಂಗ್ ಬರುವ ಆ ಮೆಸೇಜ್ ಆ್ಯಪಿನಲ್ಲಿ. ಕೆಳಗೆ ಒಂದು ಮಾತೂ ಬರೆಯಲಿಲ್ಲ. ಫೋಟೋನೇ ಮಾತಾಡುತ್ತದೆ ಅನ್ನುವ ಜಂಬ.

ಶ್ರಾವಣಿ ಐದು ನಿಮಿಷದಲ್ಲಿ ಫೋನ್ ಮಾಡಿದಳು. "ಮಾಮಿ! ಕಸ್ಲಾ ಗ್ಲೋ ಇದೆ ಇದಕ್ಕೆ! ಫೈನಲ್, ಫೈನಲ್!" ಕಸ್ಲಾ ಅಂದರೆ ಎಂಥಾ. ಅವಳದು ಹೊಸ ಫೋನು.

ಅಜ್ಜಿ ನೋಡಿದ್ದು ಅತ್ತಿಗೆಯ ಹಳೇ ಫೋನಿನಲ್ಲಿ. "ಇದೆಂತ ಕೆರೆ ಪಾಚಿ ಬಣ್ಣ? ಇದು ಜರಿಯಾ, ಗೋಣಿ ದಾರವಾ?" ಅಂದರಂತೆ. ಅಜ್ಜಿ, ಮೊಮ್ಮಗಳ ನಡುವೆ ಎರಡು ದಿನ ಮಾತಿಲ್ಲ. ಒಂದೇ ಮನೆ, ಒಂದೇ ಫೋಟೋ. ಕೊನೆಗೆ ಅಜ್ಜಿ ನನಗೇ ಫೋನ್ ಮಾಡಿ ಕೇಳಿದರು. ನಾನು ನಕ್ಕು ಹೇಳಿದೆ, "ಅಜ್ಜಿ, ಸೀರೆ ಚಂದ ಇದೆ. ನಿಮ್ಮ ಫೋನ್ ಹಳೇದು."

ಅಜ್ಜಿ ಆಯಿತು ಅಂತ ಇಟ್ಟುಬಿಟ್ಟರು. ನಾನು ಸುನಂದಾ ತಾಈಗೆ ಕರೆ ಮಾಡಿ, "ಕಲರ್ ಓಕೆ, ಮುಂದುವರಿಸಿ" ಅಂದೆ. "ಬರಂ" ಅಂದರು. ಸರಿ ಅಂತ. ನಾಲ್ಕು ತಿಂಗಳು ನಾನು ಆ ಕಡೆ ಹೋಗಲೇ ಇಲ್ಲ. ಸೀರೆ ಮುಗಿದ ಮೇಲೆ ಅವರು ಪೆಟ್ಟಿಗೆ ಕಟ್ಟಿ ನೇರ ಸಂಭಾಜಿನಗರಕ್ಕೆ ಕಳಿಸಿದರು.

ಈಗ ಈ ಫೋನು.

ಅತ್ತಿಗೆ ತಮಗೆ ಬಂದ ಸೀರೆಯ ಫೋಟೋ ತೆಗೆದು ಕಳಿಸಿದರು. (ಫೋಟೋ ಸುಳ್ಳು ಅಂತ ಸಾಬೀತು ಮಾಡಲು ಇನ್ನೊಂದು ಫೋಟೋ. ನಮ್ಮ ಕಾಲ ನೋಡಿ.) ಆ ಮಸುಕಿನಲ್ಲೂ ನನಗೆ ಒಂದು ವಿಷಯ ಕಂಡಿತು. ಜರಿ ಬೇರೆ ಇದೆ. ನಾನು ನೋಡಿದ್ದು ತಿಳಿ ಚಿನ್ನದ ಜರಿ. ಇದು ಕೆಂಪು ಮಿಶ್ರಿತ, ಗಾಢ.

ನಿಜ ಹೇಳಬೇಕಲ್ಲ? ನನಗೆ ಸುನಂದಾ ತಾಈ ಮೇಲೆ ಅನುಮಾನ ಬಂತು. ಕೇಳದೆ ಜರಿ ಬದಲಾಯಿಸಿದ್ದಾರೆ. ನಂಬಿದ್ದಕ್ಕೆ ಹೀಗಾ? ಗಂಡ, "ಮೊದ್ಲು ಹೋಗಿ ಕೇಳು. ಫೋನಿನಲ್ಲಿ ಜಗಳ ಬೇಡ" ಅಂದರು.

ಬುಧವಾರ ಬೆಳಿಗ್ಗೆ ಎಸ್‌ಟಿ ಬಸ್ ಹಿಡಿದೆ. ಚೀಲದಲ್ಲಿ ಲ್ಯಾಪ್‌ಟಾಪ್, ಸಾಕ್ಷಿಗೆ. ನಿಫಾಡ ದಾಟುವವರೆಗೂ ಮರಾಠಿಯಲ್ಲಿ ಕಠಿಣ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ವ್ಯಾಕರಣ ಸರಿ ಮಾಡಿಕೊಂಡೆ. ಸಿಟ್ಟಿಗೂ ರಿಹರ್ಸಲ್ ಬೇಕಾಗುವ ವಯಸ್ಸು.

ಸುನಂದಾ ತಾಈ ಮಗ್ಗದಲ್ಲಿ ಇನ್ನೊಂದು ಸೀರೆಗೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನೀರು ಕೊಟ್ಟರು. "ಹುಡುಗಿಗೆ ಸೀರೆ ಹಿಡಿಸ್ತಾ?" ಅಂತ ಕೇಳಿದರು. (ಮಾತೆಲ್ಲ ಮರಾಠಿಯಲ್ಲಿ, ನಾನು ಕನ್ನಡಕ್ಕೆ ತಂದಿದ್ದೇನೆ.)

"ತಾಈ, ಜರಿ ಬದಲಾಯಿಸಿದ್ರಾ?"

"ಹೌದು," ಅಂದರು. ಒಂದು ಚೂರೂ ಅಳುಕಿಲ್ಲ. "ನೀವೇ ತೋರಿಸಿದ್ರಲ್ಲ."

"ನಾನಾ?"

ಗೂಡಿನಿಂದ ತಮ್ಮ ಫೋನು ತಂದರು. ಗಾಜಿಗೆ ಮೂಲೆಯಲ್ಲಿ ಸೀಳು. ಬೆರಳಿಂದ ಹಿಂದೆ ಹಿಂದೆ ಹೋಗಿ ನಾನು ಕಳಿಸಿದ ಫೋಟೋ ತೆಗೆದು ನನ್ನ ಕೈಗೆ ಕೊಟ್ಟರು.

ಬೂದಿ. ಇನ್ನೊಂದು ಪದ ನನಗೆ ತೋಚುತ್ತಿಲ್ಲ. ಹಸಿರು ಪಾಚಿಗಟ್ಟಿತ್ತು. ನೇರಳೆ ಇರಲೇ ಇಲ್ಲ. ಉರಿಯುತ್ತಿದ್ದ ನನ್ನ ನವಿಲು ತಣ್ಣಗಾದ ಒಲೆಯ ಬೂದಿಯಲ್ಲಿ ಗೀಚಿದ ಹಾಗೆ ಬಿದ್ದಿತ್ತು. ಅಜ್ಜಿ ನೋಡಿದ್ದೂ ಇದನ್ನೇ.

"ನೀವು ಫೋನ್ ಮಾಡಿ ಓಕೆ ಅಂದ್ರಿ," ಸುನಂದಾ ತಾಈ ಹೇಳಿದರು. "ಆದರೆ ಫೋಟೋದಲ್ಲಿ ಜರಿ ಸತ್ತುಹೋಗಿತ್ತು. ನನಗೆ ನಾಚಿಕೆ ಆಯ್ತು. ನೀವು ಒಳ್ಳೆಯವರು, ಬಾಯಿಬಿಟ್ಟು ಹೇಳ್ಲಿಲ್ಲ ಅಂದ್ಕೊಂಡೆ."

"ಆದರೆ ತಾಈ, ದಿನಾ ಕಣ್ಣೆದುರು ನೋಡ್ತಾ ಇದ್ರಲ್ಲ? ಜರಿ ಹೊಳೀತಾ ಇತ್ತಲ್ಲ?"

"ದಿನಾ ನೋಡೋ ಕಣ್ಣಿಗೆ ಅಭ್ಯಾಸ ಆಗಿರ್ತದೆ. ಕ್ಯಾಮೆರಾಗೆ ಹಾಗಿಲ್ಲ. ಮತ್ತೆ ಮದುವೆ ಅಂದ್ರೆ ಈಗ ಪೂರಾ ಫೋಟೋನೇ ಅಲ್ವಾ? ಫೋಟೋದಲ್ಲಿ ಹೀಗೆ ಕಂಡ್ರೆ ಹುಡುಗಿ ಜೀವಮಾನವಿಡೀ ಹೀಗೇ ನೋಡ್ಬೇಕು. ಅದಕ್ಕೇ ಬಿಚ್ಚಿಬಿಟ್ಟೆ."

"ಏನು ಬಿಚ್ಚಿದ್ರಿ?"

"ಸೆರಗು. ಆ ಒಂದು ಮೊಳ. ಎಳೆ ಎಳೆಯಾಗಿ ಕತ್ತರಿಸಿ ತೆಗೆದೆ. ಗಾಢ ಜರಿ ತಂದು ಮೊದಲಿಂದ ಕೂತೆ."

ಆ ಒಂದು ಮೊಳ ಹದಿನೆಂಟು ದಿನದ ನೇಯ್ಗೆ ಅಂತ ನನಗೆ ಗೊತ್ತಿತ್ತು. ಫೋಟೋ ತೆಗೆಯುವ ದಿನ ಅವರೇ ಹೇಳಿದ್ದರು. ನಾನು ಅದನ್ನು ಕ್ಯಾಪ್ಷನ್‌ಗೆ ಚೆನ್ನಾಗಿರುತ್ತದೆ ಅಂತ ಬರೆದಿಟ್ಟುಕೊಂಡಿದ್ದೆ.

ಜೋಡಿಸಿಕೊಂಡು ಬಂದ ಮರಾಠಿ ಯಾವುದೂ ಈಗ ಕೆಲಸಕ್ಕೆ ಬರಲಿಲ್ಲ.

ಶ್ರಾವಣಿ ಬಾಗಿಲು ಹಾಕಿಕೊಂಡದ್ದನ್ನು ಹೇಳಿದೆ. ಆಮೇಲೆ ವಿವರಿಸಲು ನೋಡಿದೆ. ನಿಮಗೂ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮಲ್ಲೂ ಎಷ್ಟೋ ಮಂದಿ ಹೊಸ ಫೋನಿನಲ್ಲಿ ಗೊತ್ತಿಲ್ಲದೆಯೇ ಇದನ್ನು ಮಾಡುತ್ತಿದ್ದೀರಿ. ನಾನು ಕಳಿಸಿದ ಥರದ ಎಚ್‌ಡಿಆರ್ ಫೋಟೋ ಅಂದರೆ ಒಂದು ಫೈಲಿನಲ್ಲಿ ಎರಡು ಸಂಗತಿ. ಒಂದು ಸಾಧಾರಣ ಚಿತ್ರ. ಅದರ ಬೆನ್ನಿಗೆ ಒಂದು ನಕ್ಷೆ, ಎಲ್ಲಿ ಎಷ್ಟು ಹೆಚ್ಚು ಬೆಳಕು ಕೊಡಬೇಕು ಅಂತ. ಹೊಸ ಸ್ಕ್ರೀನು ನಕ್ಷೆ ಓದಿ ಬೆಳಗುತ್ತದೆ. ಹಳೆಯ ಸ್ಕ್ರೀನಿಗೆ ಓದಲು ಬಾರದು. ಸಾಧಾರಣ ಚಿತ್ರವನ್ನಷ್ಟೇ ತೋರಿಸುತ್ತದೆ. ದಾರಿಯಲ್ಲಿ ಆ್ಯಪುಗಳು ಫೈಲನ್ನು ಸಣ್ಣದು ಮಾಡುವಾಗ ನಕ್ಷೆಯೇ ಬಿದ್ದುಹೋಗುವುದೂ ಉಂಟು. ಹಾಗಾಗಿ ಬಹಳ ಜನ ನೋಡುವುದು ಆ ಸಾಧಾರಣ ಚಿತ್ರವನ್ನೇ. ಅದನ್ನು ನಾವೇ ಒಂದು ಸಲ ತೆರೆದು ಸರಿ ಮಾಡಬೇಕು. ಮಾಡದಿದ್ದರೆ ಸಾಫ್ಟ್‌ವೇರ್ ತನಗೆ ತೋಚಿದ ಹಾಗೆ ಒಂದು ಮಾಡಿ ಇಡುತ್ತದೆ. ನನ್ನದರಲ್ಲಿ ಜರಿಯ ಅತಿ ಬೆಳಕನ್ನು ಒಳಗೆ ತುರುಕಲು ಉಳಿದದ್ದನ್ನೆಲ್ಲ ಬೂದಿ ಮಾಡಿತ್ತು.

ನಾನು ಅದನ್ನು ತೆರೆದೇ ನೋಡಿರಲಿಲ್ಲ. ನನ್ನ ಸ್ಕ್ರೀನಿನಲ್ಲಿ ಚಂದ ಇತ್ತಲ್ಲ? ಸಾಕಲ್ಲ?

ಸುನಂದಾ ತಾಈ ಇಷ್ಟನ್ನೂ ಕೇಳಿದರು. ಅರ್ಥವಾಯಿತೋ ಇಲ್ಲವೋ. ಕೊನೆಗೆ ಒಂದೇ ಪ್ರಶ್ನೆ: "ನಿಮ್ಮ ಹತ್ರ ಇರೋ ಫೋಟೋದಲ್ಲಿ ಹೇಗಿದೆ, ತೋರಿಸಿ."

ತೋರಿಸುವುದಾ ಬೇಡವಾ? ತೋರಿಸಿದರೆ ಏನು ಗೊತ್ತಾಗುತ್ತದೆ ಅಂತ ನನಗೆ ತಿಳಿದಿತ್ತು. ಅವರಿಗೂ ತಿಳಿದಿತ್ತೇನೋ. ಸಾಕ್ಷಿಗೆ ಅಂತ ತಂದ ಲ್ಯಾಪ್‌ಟಾಪನ್ನು ಮಗ್ಗದ ಹಲಗೆಯ ಮೇಲೆ ಇಟ್ಟು ತೆರೆದೆ.

ನವಿಲು ಬೆಳಗಿತು.

ಅವರು ತುಂಬ ಹೊತ್ತು ನೋಡಿದರು. ಸೆರಗಿನಿಂದ ಬೆರಳು ಒರೆಸಿಕೊಂಡು ಸ್ಕ್ರೀನಿನ ಮೇಲೆ ನವಿಲಿನ ಕತ್ತಿನ ಉದ್ದಕ್ಕೂ ಎಳೆದರು, ನೇಯ್ಗೆಯ ಬಿಗಿ ನೋಡುವ ಹಾಗೆ.

"ಚಾಂಗಲಂ ಹೋತಂ ಕೀ," ಅಂದರು. ಚೆನ್ನಾಗೇ ಇತ್ತಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕ್ಷಮಿಸಿ ಅಂದೆ. ಅವರು ಕೈ ಬೀಸಿದರು, ಸಾಕು ಬಿಡಿ ಅನ್ನುವ ಹಾಗೆ. ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು. "ನಡೀರಿ. ಹುಡುಗಿ ಬಾಗಿಲು ಹಾಕ್ಕೊಂಡಿದ್ದಾಳೆ ಅಂದ್ರಲ್ಲ. ನೇಯ್ದವಳು ನಾನು, ನಾನೇ ಮಾತಾಡ್ತೀನಿ."

ಯೇವಲಾದಿಂದ ಸಂಭಾಜಿನಗರಕ್ಕೆ ಮತ್ತೆ ಬಸ್ಸು. ಅವರು ಕಿಟಕಿ ಪಕ್ಕ. ವೈಜಾಪುರ ದಾಟಿದ ಮೇಲೆ ಕೇಳಿದರು, "ತಾಈ, ಇನ್ನು ಮುಂದೆ ಫೋಟೋ ಬಂದ್ರೆ ನಾನು ಯಾವುದನ್ನ ನಂಬೋದು?"



ಅತ್ತಿಗೆಯ ಮನೆ ಮುಟ್ಟುವಾಗ ಮೂರೂವರೆ. ಅತ್ತಿಗೆ, ಅಜ್ಜಿ ಇಬ್ಬರೂ ಹಾಲ್‌ನಲ್ಲಿ. ಶ್ರಾವಣಿ ರೂಮಿನಿಂದ ಬಂದಳು, ಕಣ್ಣು ಊದಿತ್ತು. ಎಲ್ಲರೆದುರು ಹೇಳಿದೆ: ತಪ್ಪು ನನ್ನದು, ನೇಕಾರ್ತಿಯದಲ್ಲ, ಶ್ರಾವಣಿಯದಲ್ಲ, ಅಜ್ಜಿಯ ಫೋನಿನದಂತೂ ಅಲ್ಲವೇ ಅಲ್ಲ. ಬೂದಿ ಫೋಟೋ, ಬಿಚ್ಚಿದ ಸೆರಗು, ಎಲ್ಲ ಹೇಳಿದೆ.

ಅಜ್ಜಿ ಅಂದರು, "ನಾ ಹೇಳಿದಾಗ ನಕ್ಕಿದ್ದಿ."

"ಹೌದು ಅಜ್ಜಿ. ನಗಬಾರದಿತ್ತು."

"ಸರಿ. ಚಾ ಕುಡಿ."

ಸುನಂದಾ ತಾಈ ಚಹಾ ಮುಟ್ಟಲಿಲ್ಲ. ಸೀರೆ ಎತ್ತಿಕೊಂಡು ಶ್ರಾವಣಿಗೆ ಮರಾಠಿಯಲ್ಲಿ, "ಬಾ ಮಗಾ, ತಾರಸಿಗೆ ಹೋಗೋಣ. ಟ್ಯೂಬ್‌ಲೈಟಿನ ಕೆಳಗೆ ಪೈಠಣಿ ನೋಡ್ಬಾರ್ದು" ಅಂದರು.

ತಾರಸಿಯಲ್ಲಿ ಸಂಜೆಗೆ ತಿರುಗುವ ಬಿಸಿಲು. ಅವರು ಸೆರಗನ್ನು ಶ್ರಾವಣಿಯ ಭುಜದ ಮೇಲೆ ಹಾಕಿ, ಅವಳನ್ನೇ ಮೆಲ್ಲಗೆ ತಿರುಗಿಸಿದರು. ಹಸಿರು ನೇರಳೆಗೆ ಜಾರಿ ಮತ್ತೆ ಹಸಿರಾಯಿತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅಂಚನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ, "ಬಲಿತ ಎಲೆಯೇ" ಅಂದರು. ಶ್ರಾವಣಿ ಫೋನು ತೆಗೆದು ನನ್ನ ಫೋಟೋ ತೆರೆದು ಸೆರಗಿನ ಪಕ್ಕ ಹಿಡಿದಳು. ಬಿಸಿಲಿನಲ್ಲಿ ನಿಂತ ನಿಜವಾದ ಜರಿಗಿಂತ ಫೋನಿನ ಜರಿ ಹೆಚ್ಚು ಹೊಳೆಯುತ್ತಿತ್ತು.

"ಮಾವಶಿ, ಇದರಲ್ಲಿ ಖರೇದ್ದು ಯಾವುದು?" ಅಂತ ಸುನಂದಾ ತಾಈಯನ್ನು ಕೇಳಿದಳು. (ಮಾವಶಿ ಅಂದರೆ ಚಿಕ್ಕಮ್ಮ, ಖರೇದ್ದು ಅಂದರೆ ನಿಜವಾದದ್ದು.)

"ಫೋನಿನಲ್ಲಿ ಇರೋದ್ರ ಖರೇದ್ದನ್ನ ನಾನು ಕತ್ತರಿಸಿ ಹಾಕಿದೆ ಮಗಾ. ಈಗ ಇರೋದು ಇದು."

ಇಲ್ಲಿ ಶ್ರಾವಣಿ ಅತ್ತು ಅವರನ್ನು ತಬ್ಬಿಕೊಂಡಳು ಅಂತ ಬರೆದರೆ ನಿಮಗೂ ಹಿತ, ನನಗೂ ಹಿತ. ಹಾಗಾಗಲಿಲ್ಲ. ಅವಳು ಪ್ರಾಮಾಣಿಕ ಹುಡುಗಿ. "ಸೀರೆ ಛಾನ್ ಆಹೇ, ಚಂದ ಇದೆ ಮಾವಶಿ. ಆದ್ರೆ ನಾನು ನಾಲ್ಕು ತಿಂಗಳು ದಿನಾ ಆ ಫೋಟೋ ನೋಡಿದ್ದೀನಿ. ಇದು ನನಗೆ ಇನ್ನೂ ಅಭ್ಯಾಸ ಆಗ್ಬೇಕು" ಅಂದಳು.

ಸುನಂದಾ ತಾಈ ತಲೆಯಾಡಿಸಿದರು. "ಆಗ್ಲಿ. ಮಡಿಚಿ ಇಡ್ಬೇಡ. ದಿನಾ ಒಂದ್ಸಲ ಬಿಚ್ಚಿ ಬಿಸಿಲಲ್ಲಿ ನೋಡು."

ನೋಡಿದಳಂತೆ. ಅತ್ತಿಗೆ ವರದಿ ಕೊಡುತ್ತಿದ್ದರು: ಗುರುವಾರ ಸುಮ್ಮನೆ ನೋಡಿದಳು, ಶನಿವಾರ ಕನ್ನಡಿ ಮುಂದೆ ಹಿಡಿದಳು, ಸೋಮವಾರ ಬ್ಲೌಸ್ ಬಣ್ಣ ಬದಲಾಯಿಸಬೇಕು ಅಂತ ಜಗಳ ತೆಗೆದಳು. ಜಗಳ ಅಂದಾಗ ನನಗೆ ಸಮಾಧಾನವಾಯಿತು. ಉಡದ ಸೀರೆಗೆ ಯಾರು ಬ್ಲೌಸ್ ಹುಡುಕುತ್ತಾರೆ?

ಮುಹೂರ್ತಕ್ಕೆ ಅದನ್ನೇ ಉಟ್ಟಳು. ಸುನಂದಾ ತಾಈಯನ್ನೂ ಕರೆದಿದ್ದರು, ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ಧಾರೆಯ ಹೊತ್ತಿಗೆ ಎಲ್ಲರೂ ವಧುವಿನ ಮುಖ ನೋಡುತ್ತಿದ್ದರೆ, ಅವರ ಕಣ್ಣು ಸೆರಗಿನ ಮಡಿಕೆಯ ಮೇಲೆ. ಒಂದು ಸಲ ಎದ್ದು ಹೋಗಿ ಅದನ್ನು ಸರಿ ಮಾಡಿ ಬಂದರು.

ಮದುವೆಯ ಫೋಟೋಗ್ರಾಫರ್ ಬೇರೆ ಇದ್ದ. ನಾನು ತೆಗೆದದ್ದು ಒಂದೇ ಒಂದು. ಮನೆಗೆ ಬಂದು ಈ ಸಲ ಮೊದಲು ಸಾಧಾರಣ ಚಿತ್ರ ತೆರೆದೆ. ಹಸಿರು, ನೇರಳೆ, ಜರಿ, ಮುಖ, ಒಂದೊಂದನ್ನೂ ಅದರಲ್ಲೇ ಸರಿ ಮಾಡಿದೆ. ಅದು ತನ್ನ ಕಾಲ ಮೇಲೆ ನಿಂತ ಮೇಲೆ ಎಚ್‌ಡಿಆರ್ ಬೆಳಕು ಸ್ವಲ್ಪವೇ ಸೇರಿಸಿದೆ, ಜರಿಗೆ ಮಾತ್ರ. ಲ್ಯಾಪ್‌ಟಾಪಿನಲ್ಲಿ ನೋಡಿದೆ, ಗಂಡನ ಫೋನಿಗೆ ಕಳಿಸಿ ನೋಡಿದೆ. "ಈಗ ಸೀರೆ ಕಂಡ ಹಾಗೆ ಕಾಣ್ತದೆ" ಅಂದರು. ಇವರ ಬಾಯಲ್ಲಿ ಇದೇ ದೊಡ್ಡ ಹೊಗಳಿಕೆ.

ಸುನಂದಾ ತಾಈಗೆ ಕಳಿಸಿ, ಫೋನ್ ಮಾಡಿದೆ. ಚೆನ್ನಾಗಿದೆಯಾ ಅಂತ ಕೇಳಲಿಲ್ಲ. ಚೆನ್ನಾಗಿದೆಯಾ ಅಂದರೆ ಎಲ್ಲರೂ ಹೌದು ಅಂತಲೇ ಹೇಳುತ್ತಾರೆ. "ಏನೇನು ಕಾಣ್ತಿದೆ, ಹೇಳಿ" ಅಂದೆ.

"ಜರಿ ಕಾಣ್ತಿದೆ. ನವಿಲು ಕಾಣ್ತಿದೆ. ಮಡಿಕೆಯಲ್ಲಿ ನೇರಳೆ ಇದೆ." ಆಮೇಲೆ, "ಹುಡುಗಿ ಮುಖ ಒಂಚೂರು ಕಪ್ಪಾಗಿದೆ ತಾಈ."

ಮತ್ತೆ ಕೂತೆ. ಮುಖ ತಿದ್ದಿದೆ. ಮತ್ತೆ ಕಳಿಸಿದೆ. ಈಗ ಸರಿ ಅಂದರು. ಸಂಭಾಜಿನಗರದಿಂದ ಶ್ರಾವಣಿ, "ಮಾಮಿ, ಗ್ಲೋ ಸ್ವಲ್ಪ ಕಮ್ಮಿ ಆಯ್ತಲ್ಲ?" ಅಂದಳು. ಇರಲಿ ಬಿಡು ಅಂದೆ.

ಸುಸ್ತಾಗುತ್ತದೆ. ಪ್ರತಿ ಫೋಟೋಗೂ ಹೀಗೆ ನಾಲ್ಕು ಸ್ಕ್ರೀನು, ಎರಡು ಫೋನ್ ಕರೆ, ಒಂದು ಪ್ರಶ್ನೆ. ಇಷ್ಟು ಮಾಡಿದರೂ ಎಲ್ಲರಿಗೂ ಒಂದೇ ಥರ ಕಾಣಿಸುವ ಫೋಟೋ ಅನ್ನುವುದು ಇಲ್ಲ. ಇರುವುದು ಎಲ್ಲರಿಗೂ ಸುಮಾರಾಗಿ ಸರಿ ಕಾಣಿಸುವ ಫೋಟೋ. ಅಷ್ಟಕ್ಕೇ ಅರ್ಧ ದಿನ ಬೇಕು. ಹದಿನೆಂಟು ದಿನಕ್ಕೆ ಹೋಲಿಸಿದರೆ ಅರ್ಧ ದಿನ ಏನೂ ಅಲ್ಲ, ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಆದರೆ ಯೋಚಿಸಿ. ನಾವು ದಿನಕ್ಕೆ ಎಷ್ಟು ಕಳಿಸುತ್ತೇವೆ? ಫೋಟೋ, ಮೆಸೇಜು, ಅರ್ಧ ಮಾತು, ಒಂದು ಓಕೆ. ನಮ್ಮ ಕಡೆಯಿಂದ ಎಲ್ಲ ಝಗಮಗ. ಆ ಕಡೆ ಯಾರೋ ಅದನ್ನು ನೋಡಿ, ಏನೂ ಕೇಳದೆ, ತಾವು ನೇಯ್ದದ್ದನ್ನು ಬಿಚ್ಚುತ್ತಾ ಕೂತಿರಬಹುದು.

ನೀವು ಕಳಿಸಿದ್ದು ಅವರಿಗೆ ಹೇಗೆ ಕಂಡಿತು ಅಂತ ಕೊನೆಯ ಸಲ ಕೇಳಿದ್ದು ಯಾವಾಗ?